ಕಾಶಿಯಲ್ಲಿ ಒಂದು ದಿನ: ಬಸ್ಸೋ, ದೋಣಿಯೋ, ಗಲ್ಲಿ ನಡಿಗೆಯೋ?

ಕಾಶಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅಮ್ಮನ ಜೊತೆ, ಆಮೇಲೆ ಒಬ್ಬಳೇ. ಎರಡೂ ಸೇರಿ ಮೂರು ಥರ ಸುತ್ತಿ ನೋಡಿದೆ: ಟ್ರಾವೆಲ್ಸ್‌ನವರ ಬಸ್ಸು, ದೋಣಿಯವನೇ ಗೈಡ್ ಆಗುವ ಸವಾರಿ, ಗೈಡ್ ಜೊತೆ ಹಳೇ ಊರಿನ ನಡಿಗೆ.

ಬಸ್ಸಿನ ಪಟ್ಟಿ ಉದ್ದ ಇತ್ತು. ಸಾರನಾಥ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಒಳಗಿನ ಹೊಸ ವಿಶ್ವನಾಥ ದೇವಸ್ಥಾನ, ದುರ್ಗಾ ಕುಂಡ, ತುಳಸಿ ಮಾನಸ ಮಂದಿರ, ಆಚೆ ದಡದ ರಾಮನಗರ ಕೋಟೆ. ಒಳ್ಳೆಯ ಜಾಗಗಳೇ. ಆದರೆ ನಾವು ಕಾಶಿ ಅಂತ ಮನಸ್ಸಲ್ಲಿ ಇಟ್ಟುಕೊಂಡು ಹೋಗುವ ಗಲ್ಲಿ, ಘಾಟ್ ಒಂದೂ ಇದರಲ್ಲಿ ಇಲ್ಲ. ಬಸ್ಸು ಅಲ್ಲಿಗೆ ಹೋಗೋಕೆ ಆಗೋದೇ ಇಲ್ಲವಲ್ಲ!

ಸಾರನಾಥದಲ್ಲಿ ನನಗೆ ಸಿಟ್ಟು ಬಂತು. ಅವತ್ತು ಶುಕ್ರವಾರ, ಅಲ್ಲಿನ ಮ್ಯೂಸಿಯಂಗೆ ರಜೆ. ನಮ್ಮ ರಾಷ್ಟ್ರಲಾಂಛನದ ಮೂಲ, ಅಶೋಕನ ಸಿಂಹಗಳಿರುವ ಆ ಕಂಬದ ತಲೆ, ಇರೋದೇ ಅದರೊಳಗೆ. ದುಡ್ಡು ತಗೊಳ್ಳುವಾಗ ಒಬ್ಬರೂ ಹೇಳಲಿಲ್ಲ. ಸುಮಾರು 43 ಮೀಟರ್ ಎತ್ತರದ ಧಮೇಕ್ ಸ್ತೂಪದ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಹಾರ್ನ್ ಹೊಡೆದರು. ಆಮೇಲೆ ‘ನೇಯ್ಗೆ ನೋಡೋಣ’ ಅಂತ ಒಂದು ಸೀರೆ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಮುಕ್ಕಾಲು ಗಂಟೆ! ಯಾರಿಗೆ ಎಷ್ಟು ಕಮಿಷನ್ನೋ.

ಆದರೂ ಬಸ್ಸನ್ನು ಪೂರ್ತಿ ಬೈಯೋಕೆ ಆಗಲ್ಲ. ಅಮ್ಮನಿಗೆ ಮಂಡಿನೋವು. ಬಾಗಿಲಲ್ಲಿ ಇಳಿದು ಬಾಗಿಲಲ್ಲೇ ಹತ್ತುವ ಸುಖ ಅವಳಿಗೆ ಬೇಕಿತ್ತು.

ದೋಣಿಗೆ ಇಬ್ಬರೂ ಹೋದೆವು, ಸೂರ್ಯ ಹುಟ್ಟುವ ಮುಂಚೆ, ಅಸ್ಸಿ ಘಾಟಿನಿಂದ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಘಾಟುಗಳೆಲ್ಲ ಪಶ್ಚಿಮ ದಡದಲ್ಲಿ, ಪೂರ್ವಕ್ಕೆ ಮುಖ ಮಾಡಿ ಕೂತಿವೆ. ಹಾಗಾಗಿ ಮೊದಲ ಬಿಸಿಲು ನೇರ ಮೆಟ್ಟಿಲ ಮೇಲೇ ಬೀಳುತ್ತದೆ. ಅದನ್ನು ನೋಡೋಕೆ ದೋಣಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಗೈಡ್ ಆಗಿ ಮಾತ್ರ ದೋಣಿಯವನು ಅಷ್ಟಕ್ಕಷ್ಟೇ. ಘಾಟಿನ ಹೆಸರು ಕೂಗುತ್ತಿದ್ದ, ಅಷ್ಟೆ. 1781ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಕೈಯಿಂದ ಕಾಶಿಯ ರಾಜ ಚೇತ್ ಸಿಂಗ್ ತಪ್ಪಿಸಿಕೊಂಡು ಓಡಿದ ಕೋಟೆ ಎದುರಿಗೇ ಇತ್ತು. ಆ ಕತೆ ನನಗೆ ಗೊತ್ತಾಗಿದ್ದು ಎರಡನೇ ಸಲ ಹೋದಾಗ. ಮೋಟಾರ್ ದೋಣಿ ಬೇಡ, ಹುಟ್ಟು ಹಾಕುವ ದೋಣಿಯನ್ನೇ ಕೇಳಿ. ಇಂಜಿನ್ ಸದ್ದಲ್ಲಿ ಬೆಳಗಿನ ಗಂಟೆಯೂ ಕೇಳಿಸಲ್ಲ. ಮಳೆಗಾಲದಲ್ಲಿ ನೀರು ಏರಿದರೆ ದೋಣಿಗಳನ್ನೇ ನಿಲ್ಲಿಸುತ್ತಾರೆ, ಅದೂ ನೆನಪಿರಲಿ.

ಇನ್ನು ನಡಿಗೆ. ಬಸ್ಸಿಗೆ ಕೊಟ್ಟಿದ್ದರ ಎರಡರಷ್ಟು ಕೊಟ್ಟೆ, ಸಿಕ್ಕಿದ್ದು ಐದೇ ಗಂಟೆ. ಗೈಡ್ ಅದೇ ಗಲ್ಲಿಯಲ್ಲಿ ಹುಟ್ಟಿ ಬೆಳೆದ ಹುಡುಗ. ಪಂಚಗಂಗಾ ಘಾಟಿನ ಮೇಲೆ ಔರಂಗಜೇಬನ ಕಾಲದ ಮಸೀದಿ, ಪಕ್ಕದಲ್ಲೇ ಬಿಂದು ಮಾಧವನ ಗುಡಿ. ಮುಂದೆ ಸಿಂಧಿಯಾ ಘಾಟಿನ ಹತ್ತಿರ ಒಂದು ಕಡೆಗೆ ವಾಲಿಕೊಂಡೇ ನಿಂತ ರತ್ನೇಶ್ವರ ಗುಡಿ. ಹೆಣ ಸುಡುವ ಮಣಿಕರ್ಣಿಕಾ ಘಾಟ್ ಬರುವ ಮುಂಚೆ ಗೈಡ್ ಹುಡುಗನೇ ನಿಂತು, ‘ದೀದಿ, ಫೋನ್ ಒಳಗಿಡಿ’ ಅಂದ. ಅಲ್ಲಿ ಕಟ್ಟಿಗೆ ತೂಗುವ ದೊಡ್ಡ ತಕ್ಕಡಿ ಇದೆ. ಯಾವ ಕಟ್ಟಿಗೆ, ಎಷ್ಟು ತೂಕ ಅನ್ನುವುದರ ಮೇಲೆ ಬೆಲೆ. ಇಷ್ಟು ಹೇಳಿ ಸುಮ್ಮನಾದ. ನಾವಿಬ್ಬರೂ ತುಂಬಾ ಹೊತ್ತು ಅಲ್ಲೇ ನಿಂತಿದ್ದೆವು. ಹೊರಡಿ ಅಂತ ಅವಸರ ಮಾಡುವವರು ಯಾರೂ ಇರಲಿಲ್ಲ. ನಾನು ಜಾಸ್ತಿ ದುಡ್ಡು ಕೊಟ್ಟಿದ್ದು ಇದಕ್ಕೇ ಅಂತ ಆಗ ಅನ್ನಿಸಿತು.

ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠ ಅವನ ಪಟ್ಟಿಯಲ್ಲಿ ಇರಲಿಲ್ಲ. ಕೇಳಿದ ಕೂಡಲೇ ದಾರಿ ತಿರುಗಿಸಿದ. ವೀರಶೈವರ ಕಾಶಿ ಪೀಠ ಅದು. ಒಳಗೆ ಕಾಲಿಟ್ಟರೆ ಕನ್ನಡ ಕಿವಿಗೆ ಬೀಳುತ್ತದೆ. ಬಸ್ಸಿನವನನ್ನು ಹೀಗೆ ತಿರುಗಿಸೋಕೆ ಆಗುತ್ತಾ?

ವಿಶ್ವನಾಥನ ದರ್ಶನಕ್ಕೆ ಮಾತ್ರ ಈ ಮೂರರಲ್ಲಿ ಯಾವುದನ್ನೂ ನಂಬಿಕೊಳ್ಳಬೇಡಿ. ಈಗಿನ ಗುಡಿ 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು. 2021ರ ಡಿಸೆಂಬರ್‌ನಲ್ಲಿ ಗುಡಿಯಿಂದ ಗಂಗೆಯವರೆಗಿನ ಕಾರಿಡಾರ್ ತೆರೆದ ಮೇಲೆ ಘಾಟಿನ ಕಡೆಯಿಂದಲೂ ಒಳಗೆ ಹೋಗಬಹುದು. ಫೋನ್ ಬಿಡಲ್ಲ, ಲಾಕರ್‌ನಲ್ಲಿಡಬೇಕು. ಬೇಗ ದರ್ಶನ ಬೇಕಿದ್ದರೆ ದೇವಸ್ಥಾನದವರೇ ‘ಸುಗಮ ದರ್ಶನ’ ಟಿಕೆಟ್ ಕೊಡುತ್ತಾರೆ. ‘ನಾನು ಒಳಗೆ ಬಿಡಿಸ್ತೀನಿ’ ಅನ್ನುವವರ ಹಿಂದೆ ಹೋಗಬೇಡಿ.

ಒಂದೇ ದಿನ ಇದ್ದರೆ ನಾನು ಮಾಡುವುದು ಹೀಗೆ: ಬೆಳಗಿನ ಜಾವ ದೋಣಿ, ಇಳಿದ ಕೂಡಲೇ ನಡಿಗೆ, ಊಟ ಆದ ಮೇಲೆ ಆಟೋದಲ್ಲಿ ಸಾರನಾಥ. ಅದು ಸುಮಾರು ಹತ್ತು ಕಿಲೋಮೀಟರ್, ಅದಕ್ಕೆ ಬಸ್ ಪ್ಯಾಕೇಜ್ ಬೇಕಿಲ್ಲ. ಶುಕ್ರವಾರ ಮಾತ್ರ ಬೇಡ. ವಯಸ್ಸಾದವರು ಜೊತೆಗಿದ್ದರೆ ಬಸ್ಸೇ ಸರಿ, ಸೀರೆ ಅಂಗಡಿಗೆ ಇಳಿಯಲ್ಲ ಅಂತ ಮೊದಲೇ ಹೇಳಿಬಿಡಿ.

ಅಮ್ಮನ ಮುಂದೆ ಈ ಮಾತು ನಡೆಯಲ್ಲ. ಆ ಅಂಗಡಿಯಲ್ಲಿ ಅವಳು ಒಂದು ಹಸಿರು ಸೀರೆ ತಗೊಂಡಳು. ಬಸ್ಸೇ ಚೆನ್ನಾಗಿತ್ತು ಅಂತ ಇವತ್ತಿಗೂ ಅಂತಾಳೆ.