ಬೇಟೆಯ ಮನೆತನ, ಬೇಟೆ ಇಲ್ಲದ ಕಾಲ: ಮಕ್ಕಳಿಗಾಗಿ ನಾವು ಮಾಡಿ ನೋಡಿದ ನಾಲ್ಕು ದಾರಿ

ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮ ಹೋದ ವರ್ಷ ಒಂದು ಫೋಟೋ ಕಳಿಸಿದ್ದ. ಅವನ 11 ವರ್ಷದ ಮಗ ಮಂಡಿಯೂರಿ ಕೂತು, ತಾನೇ ಹೊಡೆದ ಜಿಂಕೆಯ ಕೊಂಬು ಹಿಡಿದಿದ್ದ. ಅದನ್ನು ನೋಡಿದ್ದೇ ತಡ, ನನ್ನ 9 ವರ್ಷದ ಮಗ ಶುರು ಮಾಡಿದ. "ಅಮ್ಮ, ನಮ್ಮ ಮನೇಲೂ ಕೋವಿ ಇದೆ ಅಲ್ವಾ? ನಾವ್ಯಾವಾಗ ಹೋಗೋದು?"

ಕೇಳೋದು ಸಹಜ. ನಾವಿರೋದು ಕೊಡಗಿನಲ್ಲಿ. ನಮ್ಮ ಯಜಮಾನರ ಐನ್‌ಮನೆಯಲ್ಲಿ, ಅಂದ್ರೆ ಮನೆತನದ ಮೂಲ ಮನೆಯಲ್ಲಿ, ಗೋಡೆ ತುಂಬಾ ಕಡವೆ ಕೊಂಬು, ಕಾಟಿ (ಕಾಡುಕೋಣ) ಕೊಂಬು. ಹಿಂದೆ ಹುಲಿ ಹೊಡೆದವನಿಗೆ ಇಲ್ಲಿ ನರಿ ಮಂಗಲ ಮಾಡುತ್ತಿದ್ದರು. ಕೊಡವ ತಕ್ಕ್‌ನಲ್ಲಿ, ಅಂದ್ರೆ ಕೊಡವರ ಭಾಷೆಯಲ್ಲಿ, ನರಿ ಅಂದರೆ ಹುಲಿ. ಹೊಡೆದವನನ್ನು ಮದುಮಗನ ಹಾಗೆ ಕೂರಿಸಿ ಮದುವೆಯಂತೆಯೇ ಮರ್ಯಾದೆ ಮಾಡುತ್ತಿದ್ದರು. ಇಂಥ ಕಥೆ ಕೇಳಿ ಬೆಳೆದ ಹುಡುಗನಿಗೆ 1972ರ ವನ್ಯಜೀವಿ ಕಾಯ್ದೆ ಬಂದಿದೆ, ಇನ್ನು ಬೇಟೆ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಈಗಿನದು 2029ರವರೆಗೆ ಇದೆ. ಆದರೆ ಅದು ಕೋವಿ ಇಟ್ಟುಕೊಳ್ಳೋದಕ್ಕೆ ಕೊಟ್ಟದ್ದು, ಪ್ರಾಣಿ ಹೊಡೆಯೋದಕ್ಕಲ್ಲ. ಇದನ್ನು ದೊಡ್ಡವರೇ ಎಷ್ಟೋ ಜನ ಬೇಕಂತಲೇ ಮರೆಯುತ್ತಾರೆ.

ಹಾಗಾದ್ರೆ ಬೇಟೆಯ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಏನು ಕಲಿಸೋದು? ನಾಲ್ಕು ದಾರಿ ಹಿಡಿದು ನೋಡಿದೆವು. ಮಗಳಿಗೆ ಈಗ 13, ಮಗನಿಗೆ 9. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಪ್ರಾಣಿಗಳ ಹೆಜ್ಜೆ ಗುರುತು ನೋಡೋದಕ್ಕೆ. ಆದರೆ ಅಲ್ಲಿಗೆ ಬಂದಿದ್ದು ಉಳಿದ ಮೂರನ್ನೂ ಮಾಡಿದ ಮೇಲೆ.

ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯೋದರಿಂದ ಶುರು ಮಾಡಿದೆವು. ನಾಟಿ ಮುಗಿದು, ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಹಬ್ಬ. ಅಷ್ಟು ದಿನ ಕನ್ನಿ ಕೊಂಬರೆಯಲ್ಲಿ (ದೇವರ ಕೋಣೆಯಲ್ಲಿ) ಇಟ್ಟ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಒರೆಸಿ, ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹಿಂದಿನ ಕಾಲದಲ್ಲಿ ಬೇಟೆ ಶುರುವಾಗುತ್ತಿದ್ದದ್ದೂ ಇಲ್ಲಿಂದಲೇ. ಈಗ ಪ್ರಾಣಿಯ ಜಾಗದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿ. ಹೆಂಗಸರೂ ಹೊಡೆಯುತ್ತಾರೆ, ನಾನೂ ಹೊಡೆಯುತ್ತೇನೆ.

ಮಗಳು ಹೋದ ವರ್ಷ ಮೊದಲ ಸಲ ಜೋಡಿ ನಳಿಗೆಯ ಕೋವಿ ಹಿಡಿದಳು. ಅವಳ ಮಾಮ ಪಕ್ಕದಲ್ಲೇ ನಿಂತು, ನಳಿಗೆಯ ಕೆಳಗೆ ತನ್ನ ಕೈ ಕೊಟ್ಟಿದ್ದ. ಭುಜಕ್ಕೆ ಗಟ್ಟಿಯಾಗಿ ಒತ್ತಿಕೋ ಅಂತ ನಾವೆಲ್ಲ ಹೇಳಿದ್ದೇ ಹೇಳಿದ್ದು, ಆದ್ರೆ ಭಯಕ್ಕೆ ಸ್ವಲ್ಪ ಸಡಿಲ ಬಿಟ್ಟಿದ್ದಳು. ಒಂದೇ ಈಡು. ಕಾಯಿ ಅಲ್ಲಾಡಲಿಲ್ಲ, ಇವಳ ಭುಜ ಮಾತ್ರ ನೀಲಿಯಾಯಿತು. ಒಂದು ವಾರ ಆ ಕೈಯಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಳ್ಳಲಿಲ್ಲ. ಆದರೂ ಆ ದಿನ ಅವಳ ಮುಖ ನೋಡಬೇಕಿತ್ತು! ಕಡಂಬುಟ್ಟು, ಪಂದಿಕರಿ ಊಟಕ್ಕೆ ಕೂತಾಗ ಒಕ್ಕದ, ಅಂದ್ರೆ ಮನೆತನದ, ಹಿರಿಯರೆಲ್ಲ ಅವಳ ಹತ್ತಿರ ಬಂದು ಮಾತಾಡಿಸಿದರು. ಮನೆತನಕ್ಕೆ ತಾನೂ ಸೇರಿದವಳು ಅನ್ನೋದು ಮಗುವಿಗೆ ಗೊತ್ತಾಗೋಕೆ ಇದಕ್ಕಿಂತ ಒಳ್ಳೆ ದಿನ ಇಲ್ಲ. ಕೊರತೆ ಏನಂದ್ರೆ, ಇದು ವರ್ಷಕ್ಕೆ ಒಂದು ದಿನ, ಒಬ್ಬರಿಗೆ ಒಂದೆರಡು ಈಡು. ಸುತ್ತ ಜನ, ಗಲಾಟೆ, ಚಪ್ಪಾಳೆ. ಕಾಯಿ ಓಡಲ್ಲ, ವಾಸನೆ ಹಿಡಿಯಲ್ಲ. ಹೊಡೆಯೋದೇ ಬೇಟೆ ಅಂತ ಮಕ್ಕಳು ತಿಳಿದುಬಿಡುತ್ತಾರೆ. ಇನ್ನು 9 ವರ್ಷದವನಿಗೆ ಆ ಕೋವಿ ಬೇಡವೇ ಬೇಡ, ಎಷ್ಟೇ ಅತ್ತರೂ ಸರಿ.

ಅವನು ಅತ್ತಿದ್ದಕ್ಕೇ ಏರ್‌ಗನ್ ಬಂತು. ಪಾಯಿಂಟ್ 177 ಇಂಚಿನ ನಳಿಗೆ, ಕಾಗದದ ಗುರಿ, 10 ಮೀಟರ್ ದೂರ. ಕಾಫಿ ಒಣಗಿಸುವ ಕಣದ ಒಂದು ತುದಿಯಲ್ಲಿ ಮರಳಿನ ಚೀಲ ಜೋಡಿಸಿ ಅದರ ಮುಂದೆ ಕಾರ್ಡ್ ಅಂಟಿಸಿದೆವು. ಸ್ಪರ್ಧೆಯಲ್ಲಿ ಬಳಸುವ ಕಾರ್ಡ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಇರುತ್ತೆ. ಅದನ್ನು ನೋಡಿ ಮಗ ಮೊದಲು ನಂಬಲೇ ಇಲ್ಲ, ಪೆನ್ನಿನ ಚುಕ್ಕೆ ಅಂದುಕೊಂಡಿದ್ದ.

ಕೈ ಪಳಗಿಸೋಕೆ ಇದಕ್ಕೆ ಸಾಟಿ ಇಲ್ಲ. ಉಸಿರು ಅರ್ಧ ಬಿಟ್ಟು ಹಿಡಿಯೋದು, ಟ್ರಿಗರ್ ಎಳೆಯದೆ ನಿಧಾನ ಒತ್ತೋದು, ಗುಂಡು ಇಲ್ಲ ಅಂತ ಗೊತ್ತಿದ್ದರೂ ನಳಿಗೆ ಯಾರ ಕಡೆಗೂ ತಿರುಗಿಸದೆ ಇರೋದು. ಇದೆಲ್ಲ ದಿನಾ ಅರ್ಧ ಗಂಟೆಯಂತೆ ಎರಡು ತಿಂಗಳಲ್ಲಿ ಅವನ ಕೈಗೆ ಹತ್ತಿತು. ಖರ್ಚೂ ಕಡಿಮೆ, ಭುಜಕ್ಕೆ ಹೊಡೆತವೂ ಇಲ್ಲ.

ಆದರೆ ಒಂದು ಭಾನುವಾರ ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ಇವನು ಕಣದ ತುದಿ ಬಿಟ್ಟು ಸೀಬೆಮರದ ಕೆಳಗೆ ನಿಂತಿದ್ದಾನೆ. ಮೇಲೆ ಒಂದು ಪಿಕಳಾರ ಕೂತಿದೆ. ನಳಿಗೆ ಅದರ ಕಡೆಗೇ ಇದೆ. ನಾನು ಕೂಗಿದ ಸದ್ದಿಗೆ ಹಕ್ಕಿ ಹಾರಿತು. ಅವತ್ತೇ ಏರ್‌ಗನ್ ಬೀರು ಸೇರಿತು, ಒಂದು ತಿಂಗಳು ಹೊರಗೆ ತೆಗೆಯಲಿಲ್ಲ. ಹಕ್ಕಿ ಹೊಡೆಯೋದೂ ಅಪರಾಧವೇ, ಅದು ಬೇರೆ ಮಾತು. ನನಗೆ ಬೇಸರವಾದದ್ದು ಅವನು ಯಾಕೆ ಅಂತ ಕೇಳಿದ ರೀತಿಗೆ. ಕಾರ್ಡ್‌ಗೂ ಹಕ್ಕಿಗೂ ಅವನ ತಲೆಯಲ್ಲಿ ವ್ಯತ್ಯಾಸವೇ ಬಂದಿರಲಿಲ್ಲ. ತಪ್ಪು ನಮ್ಮದು. ಗುರಿ ಕಲಿಸಿದ್ದೆವು, ಜೀವ ತೋರಿಸಿರಲಿಲ್ಲ.

ಜೀವ ತೋರಿಸೋಣ ಅಂತ ನಾಗರಹೊಳೆಗೆ ಹೋದೆವು. ಕುಟ್ಟದ ಕಡೆಯ ನಾಣಚ್ಚಿ ಗೇಟಿನಿಂದ ಸಂಜೆ ಸಫಾರಿ. 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, 643 ಚದರ ಕಿಲೋಮೀಟರ್. ಜಿಂಕೆ ಹಿಂಡು, ಎರಡು ಆನೆ, ರಸ್ತೆ ಪಕ್ಕದಲ್ಲೇ ಒಂದು ದೊಡ್ಡ ಕಾಟಿ. ಕಾಟಿಯ ಬಿಳಿ ಕಾಲುಚೀಲ ನೋಡಿ ಮಕ್ಕಳು ಉಸಿರು ಬಿಡಲಿಲ್ಲ. ಐನ್‌ಮನೆ ಗೋಡೆಯ ಕೊಂಬಿಗೆ ಒಂದು ಮುಖ, ಒಂದು ಉಸಿರು ಇತ್ತು ಅಂತ ಮಗಳಿಗೆ ಹೊಳೆದದ್ದು ಅಲ್ಲೇ. ಬರುವಾಗ ಗಾಡಿಯಲ್ಲಿ ಅವಳೇ ಹೇಳಿದಳು.

ಉಳಿದದ್ದು ನನಗೆ ಹಿಡಿಸಲಿಲ್ಲ. ಜನ ಫೋನ್ ಎತ್ತಿ ಹಿಡಿದು ಹುಲಿ ಎಲ್ಲಿ, ಹುಲಿ ಎಲ್ಲಿ ಅಂತ ಕೇಳುತ್ತಲೇ ಇದ್ದರು. ಒಂದು ಕಡೆ ಜಿಂಕೆ ಎಚ್ಚರಿಕೆಯ ಕೂಗು ಹಾಕಿತು. ಡ್ರೈವರ್ ತಕ್ಷಣ ಇಂಜಿನ್ ಆಫ್ ಮಾಡಿದ. ಆ ಎರಡು ನಿಮಿಷ ಎಲ್ಲರೂ ಸುಮ್ಮನಿದ್ದರೆ ಸಾಕಿತ್ತು, ಆದ್ರೆ ಹಿಂದಿನ ಸೀಟಿನಲ್ಲಿ ಚಿಪ್ಸ್ ಪ್ಯಾಕೆಟ್ ಪರಪರ. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಮಕ್ಕಳ ಕೈಯಲ್ಲಿಲ್ಲ. ಕೂತು ನೋಡೋದಷ್ಟೇ. ನಾಲ್ಕು ಜನರ ಟಿಕೆಟ್, ಪೆಟ್ರೋಲ್ ಎಲ್ಲ ಸೇರಿ ನಾಲ್ಕು ದಾರಿಗಳಲ್ಲಿ ಇದೇ ದುಬಾರಿ. ವರ್ಷಕ್ಕೊಮ್ಮೆ ಸಾಕು.

ಇನ್ನು ಹೆಜ್ಜೆ. ಇದಕ್ಕೆ ನಾವು ಎಲ್ಲೂ ಹೋಗಲಿಲ್ಲ, ನಮ್ಮ ತೋಟದ ಕೆರೆ ಏರಿಯೇ ಸಾಕಾಯಿತು. ಕಲಿಸಿದ್ದು ತೋಟದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವ, ಯರವ ಬುಡಕಟ್ಟಿನ ಹಿರಿಯರೊಬ್ಬರು, ಮಕ್ಕಳು ಅವರನ್ನು ಅಜ್ಜ ಅಂತಾರೆ. ಮೊದಲ ದಿನ ಅವರು ಕೆರೆಯ ಪಕ್ಕದ ಕೆಸರಿನಲ್ಲಿ ಎರಡು ಗೊರಸಿನ ಗುರುತು ತೋರಿಸಿ, ಇದರಲ್ಲಿ ಹಂದಿ ಯಾವುದು ಹೇಳಿ ಅಂದರು. ಮಕ್ಕಳಿಗೆ ಎರಡೂ ಒಂದೇ ಥರ. ಆಮೇಲೆ ಬೆರಳಿಟ್ಟು ತೋರಿಸಿದರು. ಹಂದಿಯದಾದರೆ ಗೊರಸಿನ ಹಿಂದೆ, ಎರಡು ಬದಿಗೂ ಚಿಕ್ಕ ಚಿಕ್ಕ ಎರಡು ಗುಳಿ ಇರುತ್ತೆ, ಜಿಂಕೆಯದರಲ್ಲಿ ಸಾಮಾನ್ಯವಾಗಿ ಇರಲ್ಲ. ನಾಯಿ ಹೆಜ್ಜೆಯಲ್ಲಿ ಉಗುರು ಕಾಣುತ್ತೆ, ಬೆಕ್ಕಿನ ಜಾತಿಯದರಲ್ಲಿ ಕಾಣಲ್ಲ. ಕಾಫಿ ಬೀಜ ತುಂಬಿದ ಹಿಕ್ಕೆ ಸಿಕ್ಕರೆ ಪುನುಗು ಬೆಕ್ಕು ಬಂದಿತ್ತು ಅಂತ ಅರ್ಥ.

ಮಳೆ ಬಂದ ಮಾರನೇ ದಿನ ಏರಿಯ ಮೇಲೆ ಆನೆ ಹೆಜ್ಜೆ ಸಿಕ್ಕಿತು. ಮುಂಗಾಲಿನದು ಹೆಚ್ಚು ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದ. ಅಜ್ಜ ಬಾಳೆನಾರು ಹರಿದು ಮುಂಗಾಲಿನ ಹೆಜ್ಜೆಯ ಸುತ್ತ ಇಟ್ಟು ಗಂಟು ಹಾಕಿದರು. ಅದನ್ನು ಬಿಚ್ಚಿ, ಎರಡು ಪಟ್ಟು ಅಳೆದರೆ ಆನೆಯ ಎತ್ತರ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ ಅಂದರು. ಮಕ್ಕಳು ನಾರು ಹಿಡಿದು ಗೋದಾಮಿಗೆ ಓಡಿದರು. ನಾರಿನ ಉದ್ದ 1.3 ಮೀಟರ್, ಎರಡರಷ್ಟಾದರೆ 2.6. ಯಜಮಾನರು ಸ್ಟೂಲ್ ಹತ್ತಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದರು. ಮಗ ಅದರ ಕೆಳಗೆ ನಿಂತು ಮೇಲೆ ನೋಡಿದ. ಗೆರೆ ಇನ್ನೊಬ್ಬ ಅವನಷ್ಟು ಎತ್ತರದಲ್ಲಿತ್ತು. ಅಷ್ಟು ದೊಡ್ಡದು ರಾತ್ರಿ ನಮ್ಮ ಮನೆಯ ಹಿಂದೆ ನಡೆದು ಹೋಗಿದ್ದು ನಮಗೆ ಕೇಳಿಸಲೇ ಇಲ್ವಾ ಅಂತ ಕೇಳಿದ. ಆ ಗೆರೆ ಇನ್ನೂ ಇದೆ, ಸುಣ್ಣ ಬಳಿಯುವಾಗಲೂ ಅಷ್ಟು ಜಾಗ ಬಿಡಿಸಿದ್ದೇವೆ.

ಬೇಟೆಗಾರನ ವಿದ್ಯೆ ಅಂದ್ರೆ ನನ್ನ ಪ್ರಕಾರ ಇದೇ. ಒಂದು ಚಿಟಿಕೆ ಬೂದಿ ಗಾಳಿಗೆ ಬಿಟ್ಟು ಗಾಳಿ ಎತ್ತ ಅಂತ ನೋಡೋದು. ಒಣ ಎಲೆಯ ಮೇಲೆ ಸದ್ದಾಗದೆ ಕಾಲಿಡೋದು. ಮುಳ್ಳುಹಂದಿ ಮುಳ್ಳು ಬಿದ್ದ ಕಡೆಯಿಂದ ಅದು ಹೋದ ದಾರಿ ಹಿಡಿಯೋದು. ನಮ್ಮ ಹಿರಿಯರು ವರ್ಷಗಟ್ಟಲೆ ಕಲಿತದ್ದರಲ್ಲಿ ಈಡು ಹೊಡೆಯೋದು ಕೊನೆಯ ಒಂದು ಕ್ಷಣ ಅಷ್ಟೇ. ಅದೊಂದನ್ನು ಬಿಟ್ಟು ಉಳಿದಿದ್ದೆಲ್ಲ ಇವತ್ತೂ ಕಲಿಸಬಹುದು.

ಅಪಾಯವೂ ಇದರಲ್ಲೇ ಜಾಸ್ತಿ, ಮುಚ್ಚಿಡಲ್ಲ. ಕೊಡಗಿನ ಕಾಫಿ ತೋಟದಲ್ಲಿ ಆನೆ ದಾಳಿಗೆ ಜನ ಸಾಯುತ್ತಲೇ ಇದ್ದಾರೆ. ಒಂದು ಬೆಳಿಗ್ಗೆ ಅಜ್ಜ ಲದ್ದಿಯ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ ತಟ್ಟನೆ ಎದ್ದರು. ಬಿಸಿ ಇತ್ತು. ಒಂದು ಮಾತಿಲ್ಲದೆ ಇಬ್ಬರ ಕೈ ಹಿಡಿದು ಬಂದ ದಾರಿಯಲ್ಲೇ ವಾಪಸ್ ಕರೆತಂದರು. ಬೆಳಕು ಚೆನ್ನಾಗಿ ಹರಿಯದೆ ಹೊರಡೋದಿಲ್ಲ, ದೊಡ್ಡವರು ಇಬ್ಬರಿಲ್ಲದೆ ಹೋಗೋದಿಲ್ಲ, ಲದ್ದಿ ಬಿಸಿ ಇದ್ದರೆ ಆ ದಿನ ರಜ. ಇಷ್ಟು ಪಾಲಿಸೋಕೆ ಆಗದವರು ಇದಕ್ಕೆ ಕೈ ಹಾಕಲೇಬಾರದು.

ಇನ್ನೊಂದು ದಿನ ಬೇಲಿಯಂಚಿನಲ್ಲಿ ಉರುಳು ಸಿಕ್ಕಿತು. ಬೈಕಿನ ಕ್ಲಚ್ ವೈರ್, ಹಂದಿಗೆ ಅಂತ ಯಾರೋ ಕಟ್ಟಿದ್ದು. ವೈರಿನಲ್ಲಿ ಕಂದು ಕೂದಲು ಸಿಕ್ಕಿಕೊಂಡಿತ್ತು, ಹಂದಿಯದಲ್ಲ, ಕಾಡುಕುರಿಯದು (ಬೊಗಳುವ ಜಿಂಕೆ). ಹೇಗೋ ತಪ್ಪಿಸಿಕೊಂಡಿತ್ತು. ಮಗ ಆ ಕೂದಲನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅರಣ್ಯ ಇಲಾಖೆಯವರಿಗೆ ತಿಳಿಸಿ ಉರುಳು ತೆಗೆಸಿದೆವು. ಪಿಕಳಾರದ ದಿನ ನಾನು ಎಷ್ಟು ಬೈದರೂ ಅವನಿಗೆ ಹತ್ತದ್ದು ಆ ನಾಲ್ಕು ಕೂದಲಿನಿಂದ ಹತ್ತಿತು. ಈಗ ಏರ್‌ಗನ್ ಮತ್ತೆ ಅವನ ಕೈಗೆ ಬಂದಿದೆ, ಕಾರ್ಡ್ ಬಿಟ್ಟು ಬೇರೆ ಕಡೆ ತಿರುಗಿಸಿಲ್ಲ.

ತಮ್ಮನ ಹತ್ತಿರವೂ ವಿಚಾರಿಸಿದೆ, ಅಲ್ಲಿ ಹೇಗೆ ಅಂತ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿ ಪಡೆಯಬೇಕು, ಜಿಂಕೆಗೆ ಸೀಸನ್ ಇದೆ, ಮಕ್ಕಳಿಗೆಂದೇ ಬೇರೆ ದಿನಗಳಿವೆ. ಅಲ್ಲಿ ಬೇಟೆ ಕಾನೂನಿನ ಒಳಗೇ ಇದೆ, ಆ ದಾರಿ ನಮ್ಮದಲ್ಲ. ಆದರೆ ಅವನು ಹೇಳಿದ ಒಂದು ಮಾತು ನನಗೆ ಬೇಕಾಗಿತ್ತು. ಮಗನ ಕೈಗೆ ರೈಫಲ್ ಕೊಡುವ ಮುಂಚೆ ಎರಡು ಸೀಸನ್ ಅವನನ್ನು ಬರಿಗೈಯಲ್ಲಿ ಅಟ್ಟಣೆಯ ಮೇಲೆ ಕೂರಿಸಿದ್ದನಂತೆ. ಸುಮ್ನೆ ಕೂತು ನೋಡೋಕೆ.

ನಾವು ಉಲ್ಟಾ ಮಾಡಿದ್ದೆವು, ಮೊದಲು ಕೋವಿ, ಕೊನೆಗೆ ಹೆಜ್ಜೆ. ಇನ್ನೊಮ್ಮೆ ಶುರು ಮಾಡೋದಾದರೆ ಆರೇಳು ವರ್ಷಕ್ಕೇ ಹೆಜ್ಜೆ ತೋರಿಸುತ್ತೇನೆ, ಅದಾಗಿ ಎರಡು ವರ್ಷಕ್ಕೆ ಏರ್‌ಗನ್. ದೊಡ್ಡ ಕೋವಿ 13 ದಾಟಲಿ, ಅದೂ ಕೈಲ್ ಪೊಳ್ದ್ ದಿನ, ಹಿರಿಯರ ಎದುರಿಗೆ. ಸಫಾರಿಗೆ ಮಧ್ಯೆ ಯಾವಾಗ ಹೋದರೂ ನಡೆಯುತ್ತೆ.

ತಮ್ಮನ ಮನೆಯವರು ಈ ಸಲ ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಬರುತ್ತಿದ್ದಾರೆ. ಮಗ ಈಗಲೇ ಕೆರೆಯ ಪಕ್ಕ ಎರಡು ಬುಟ್ಟಿ ಮರಳು ಹಾಕಿ, ನೀರು ಚಿಮುಕಿಸಿ, ಹಲಗೆಯಲ್ಲಿ ಸಮ ಮಾಡಿದ್ದಾನೆ. ದಿನಾ ಬೆಳಿಗ್ಗೆ ಅಜ್ಜನ ಜೊತೆ ಹೋಗಿ ನೋಡುತ್ತಾನೆ. ಇಲ್ಲಿಯವರೆಗೆ ಬಿದ್ದಿರೋದು ಮುಂಗುಸಿ, ನವಿಲು, ಒಂದು ಸಲ ನಮ್ಮದೇ ಮನೆಯ ನಾಯಿ.