ಹರಿವೆ ಬೀಜದ ಪೊಟ್ಟಣಕ್ಕೆ ಬ್ರೌನ್ ಪೇಪರೋ, ಒರಿಗಾಮಿ ಪ್ಯಾಕೆಟ್ಟಿನ ಹಾಳೆಯೋ?

ಪುಸ್ತಕಕ್ಕೆ ಬೈಂಡ್ ಹಾಕುವ ಸಾಮಾನ್ಯ ಬ್ರೌನ್ ಪೇಪರ್ ನನ್ನ ಆಯ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ನಿರ್ಧಾರಕ್ಕೆ ಬರುವ ಮೊದಲು 320 ರೂಪಾಯಿ ಕೊಟ್ಟು ತರಿಸಿದ ಬಣ್ಣದ ಒರಿಗಾಮಿ ಪ್ಯಾಕೆಟ್ಟಿನೊಂದಿಗೆ ಹತ್ತು ದಿನ ಹೆಣಗಿದ್ದೇನೆ.

ಕಳೆದ ಮಳೆಗಾಲದಲ್ಲಿ, ತೀರ್ಥಹಳ್ಳಿಯ ನಮ್ಮ ಮನೆಗೆ ಸಾಗರದಿಂದ ಚಿಕ್ಕಮ್ಮನ ಮಗಳು ಬಂದಿದ್ದಾಗ ಇಬ್ಬರೂ ಪಂದ್ಯ ಕಟ್ಟಿಕೊಂಡೆವು. ಒಂದೇ ಚೌಕ ಹಾಳೆಯಿಂದ, ಅಂಟು ಹಚ್ಚದೆ, ಕತ್ತರಿ ಆಡಿಸದೆ, ಎಲ್ಲಿಯೂ ನೋಡಿ ಕಲಿತಿರದ ಸ್ವಂತ ವಿನ್ಯಾಸದ ಪೊಟ್ಟಣವೊಂದನ್ನು ಮಡಚಬೇಕು; ಹಾಳೆಯನ್ನು ಚೌಕ ಮಾಡಿಕೊಳ್ಳುವುದಕ್ಕೆ ಮಾತ್ರ ಬ್ಲೇಡ್ ಬಳಸಬಹುದು. ತೀರ್ಪುಗಾರ್ತಿ ನಮ್ಮ ದೊಡ್ಡಮ್ಮ. ಮೊಗೆಕಾಯಿ, ಹೀರೆ, ಹರಿವೆ ಬೀಜಗಳನ್ನು ವರ್ಷದಿಂದ ವರ್ಷಕ್ಕೆ ಕಾಪಿಟ್ಟುಕೊಂಡು ಬಂದವರು ಅವರು. ನಾನು ಮೊದಲ ಪೊಟ್ಟಣವನ್ನು ಉತ್ಸಾಹದಿಂದ ತೋರಿಸಿದಾಗ, “ಚಂದ ಆಮೇಲೆ ನೋಡನ ಮಾರಾಯ್ತಿ, ಮೊದ್ಲು ಹರಿವೆ ಬೀಜ ಹಾಕಿ ಅಲ್ಲಾಡ್ಸು” ಎಂದರು. ಹರಿವೆ ಬೀಜ ಒಂದು ಮಿಲಿಮೀಟರಿನ ಆಸುಪಾಸಿನದು, ನುಣುಪು ಬೇರೆ. ಮಡಿಕೆಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿಂದ ಜಾರಿ ಬರುತ್ತದೆ.

ಜಪಾನಿನಲ್ಲಿ ಸೂಜಿ, ನೂಲು ಮುಂತಾದ ಸಣ್ಣ ವಸ್ತುಗಳನ್ನು ಇಡಲು ಮಡಚುತ್ತಿದ್ದ ‘ತಾತೋ’ ಎಂಬ ಕಾಗದದ ಸಂಚಿಗಳಿವೆ. ಅವುಗಳ ಮುಚ್ಚಳದ ತತ್ವ ನಮಗೆಲ್ಲ ತಿಳಿದಿರುವಂಥದ್ದೇ: ರಟ್ಟಿನ ಪೆಟ್ಟಿಗೆಯ ನಾಲ್ಕು ರೆಕ್ಕೆಗಳನ್ನು ಒಂದರ ಮೇಲೊಂದು ಮಡಚಿ, ಕೊನೆಯದರ ಅರ್ಧವನ್ನು ಮೊದಲನೆಯದರ ಅಡಿಗೆ ಸೇರಿಸುವಂತೆ. ಆ ತತ್ವವನ್ನಷ್ಟೇ ಇಟ್ಟುಕೊಂಡು, ಮೂಲೆಗಳಲ್ಲಿ ಉಳಿಯುವ ಹೆಚ್ಚುವರಿ ಕಾಗದದ ನೆರಿಗೆಯನ್ನು ಹೊರಕ್ಕೆ ಬಿಡದೆ ಒಳಕ್ಕೆ ತಿರುಗಿಸಿ, ಬೀಜಕ್ಕೆ ಅಡ್ಡಗೋಡೆಯಾಗುವಂತೆ ನಿಲ್ಲಿಸಿದೆ. ನನ್ನ ಸ್ವಂತಿಕೆ ಇದ್ದದ್ದು ಅಷ್ಟರಲ್ಲೇ, ಆದರೆ ಅದು ಹೊಳೆಯಲು ನಾಲ್ಕು ಸಂಜೆಗಳು ಹಿಡಿದವು. 15 ಸೆಂ.ಮೀ. ಚೌಕವನ್ನು ಎರಡೂ ದಿಕ್ಕಿನಲ್ಲಿ ಮೂರು ಸಮಭಾಗ ಮಾಡಿದರೆ 5 ಸೆಂ.ಮೀ. ಅಗಲದ ಪೊಟ್ಟಣ ಸಿಗುತ್ತದೆ.

ಪ್ಯಾಕೆಟ್ಟಿನ ಹಾಳೆ ಕೈಕೊಟ್ಟದ್ದು ಈ ಸಮಭಾಗದಲ್ಲಿ. ನೋಡಲು ಅದರಷ್ಟು ಚೆಲುವಾದ ಕಾಗದ ಬೇರೆ ಇರಲಿಲ್ಲ. ತೆಳ್ಳಗಿತ್ತು, ಬೆರಳಿನ ಒತ್ತಿಗೇ ಗೆರೆ ಹರಿತವಾಗಿ ಮೂಡುತ್ತಿತ್ತು, ಅಂಚಿಗೆ ಹೊಂಬಣ್ಣದ ಪಟ್ಟಿಯೂ ಇತ್ತು. ಆದರೂ ಮಡಚಿದ ಪ್ರತಿ ಪೊಟ್ಟಣದಲ್ಲಿ ನಾಲ್ಕನೆಯ ರೆಕ್ಕೆ ಕೂರದೆ ಎದ್ದು ನಿಲ್ಲುತ್ತಿತ್ತು, ಅಲುಗಿಸಿದರೆ ಅದರ ಅಂಚಿನಿಂದಲೇ ಬೀಜ ಉದುರುತ್ತಿತ್ತು. ತಪ್ಪು ನನ್ನ ವಿನ್ಯಾಸದಲ್ಲಿದೆ ಎಂದುಕೊಂಡು ಮೂಲೆಯ ನೆರಿಗೆಯನ್ನು ಮೂರು ಬಗೆಯಲ್ಲಿ ಬದಲಿಸಿದೆ. ಆರನೆಯ ದಿನ ಕರ್ಣದ ಗೆರೆಯನ್ನು ದಿಟ್ಟಿಸಿ ನೋಡುವಾಗ, ಅದು ಒಂದು ತುದಿಯಲ್ಲಿ ಮೂಲೆಗೆ ಸರಿಯಾಗಿ ಸೇರಿ, ಇನ್ನೊಂದು ತುದಿಯಲ್ಲಿ ಮೂಲೆಯ ಪಕ್ಕಕ್ಕೆ ಬಿದ್ದಿರುವುದು ಕಂಡಿತು. ಅಳತೆಪಟ್ಟಿ ಇಟ್ಟು ನೋಡಿದರೆ ಹಾಳೆ ಒಂದು ಕಡೆ 15 ಸೆಂ.ಮೀ., ಇನ್ನೊಂದು ಕಡೆ 14.8 ಸೆಂ.ಮೀ. ಇತ್ತು.

ಎರಡು ಮಿಲಿಮೀಟರ್ ದೊಡ್ಡದಲ್ಲ ಎನಿಸಬಹುದು. ಮೂರು ಭಾಗ ಮಾಡಿದಾಗ ಒಂದು ದಿಕ್ಕಿನ ಮನೆ 50 ಮಿ.ಮೀ., ಇನ್ನೊಂದು ದಿಕ್ಕಿನದು 49.3 ಮಿ.ಮೀ. ಆಗುತ್ತದೆ, ಮೂಲೆಯಲ್ಲಿ ಉಳಿಯುವುದು ಚೌಕವಲ್ಲ, ಆಯತ. ಅಂಚಿಗೆ ಅಂಚು ಕೂಡಿಸಿ ಮಡಚಿದ ಓರೆಗೆರೆ ಆ ಆಯತದ ಮೂಲೆಯಿಂದ ಮೂಲೆಗೆ ಹೋಗುವುದಿಲ್ಲ, ಆದ್ದರಿಂದ ನೆರಿಗೆಯ ತುದಿ ಉಬ್ಬಿಕೊಳ್ಳುತ್ತದೆ. ನಾಲ್ಕು ಮೂಲೆಗಳ ಉಬ್ಬೂ ಒಟ್ಟಾಗಿ ಕೊನೆಯ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತವೆ.

ಮಳೆಗಾಲದ ಥಂಡಿಗೆ ಕಾಗದ ಹಿಗ್ಗಿರಬಹುದೆಂಬ ಅನುಮಾನವೂ ನನಗಿತ್ತು. ಆಗುಂಬೆ ಇರುವ ತಾಲೂಕಿನಲ್ಲಿ ಆಷಾಢದ ಗಾಳಿ ಎಷ್ಟು ಒದ್ದೆಯಾಗಿರುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯಂತ್ರದಲ್ಲಿ ತಯಾರಾದ ಕಾಗದದ ನಾರು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುವುದರಿಂದ, ತೇವ ಹೀರಿದಾಗ ಅದು ನಾರಿನ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಹತ್ತು ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು, ಚೆನ್ನಾಗಿ ಒಣಗಿದ ಮೇಲೆ ಮತ್ತೆ ಅಳೆದೆ. ವ್ಯತ್ಯಾಸ ಹಾಗೆಯೇ ಉಳಿಯಿತು. ಅಂದರೆ ಹಾಳೆಗಳನ್ನು ಕತ್ತರಿಸುವಾಗಲೇ ತಪ್ಪಾಗಿತ್ತು. ಬ್ಲೇಡಿನಿಂದ ಚೌಕ ಮಾಡಿಕೊಂಡರೆ ಪೊಟ್ಟಣ ಸರಿಯಾಗಿಯೇ ಮುಚ್ಚುತ್ತಿತ್ತು, ಆದರೆ ಒಂದು ಬದಿಯ ಹೊಂಬಣ್ಣದ ಪಟ್ಟಿ ಹೋಗಿ ಮುಚ್ಚಳದ ಅಂದವೇ ಕೆಡುತ್ತಿತ್ತು. ಯಾವ ಅಂದಕ್ಕಾಗಿ ಹಣ ಕೊಟ್ಟಿದ್ದೆನೋ ಅದೇ ಇಲ್ಲವಾಯಿತು. ತೆರೆದ ಪ್ಯಾಕೆಟ್ಟನ್ನು ಮಾರಿದವರು ಹಿಂದಕ್ಕೆ ಪಡೆಯಲಿಲ್ಲ.

ಬ್ರೌನ್ ಪೇಪರಿನ ಸುರುಳಿಯನ್ನು ಬಸ್ ನಿಲ್ದಾಣದ ಬಳಿಯ ಅಂಗಡಿಯಿಂದ 80 ರೂಪಾಯಿಗೆ ತಂದೆ. ಪ್ಲಾಸ್ಟಿಕ್ ಹೊಳಪಿನದು ಬೇಡ, ಅದರಲ್ಲಿ ಗೆರೆ ನಿಲ್ಲುವುದಿಲ್ಲ. ಸುರುಳಿಯಾಗಿ ಬರುವುದರಿಂದ ಹಾಳೆ ಮುದುಡಿಕೊಂಡಿರುತ್ತದೆ. ಕತ್ತರಿಸಿದ ಚೌಕಗಳನ್ನು ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿ ಇಡಬೇಕು. ಗೆರೆ ಎಳೆಯಲು ಬೆರಳು ಸಾಲದು, ಚಮಚದ ಬೆನ್ನಿನಿಂದ ಉಜ್ಜಬೇಕು. ಇಷ್ಟು ಮಾಡಿದರೆ ಅದು ಹೇಳಿದಂತೆ ಕೇಳುತ್ತದೆ. ಒಂದೇ ಪೊಟ್ಟಣವನ್ನು ನಲವತ್ತು ಸಲ ತೆರೆದು ಮುಚ್ಚಿದರೂ ಮಡಿಕೆ ಹರಿಯಲಿಲ್ಲ, ಆದರೆ ಪ್ಯಾಕೆಟ್ಟಿನ ಹಾಳೆಯಲ್ಲಿ ಹದಿನೈದನೆಯ ಸಲಕ್ಕೇ ಬಣ್ಣ ಸವೆದು ಗೆರೆಗಳುದ್ದಕ್ಕೂ ಬಿಳಿ ಇಣುಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಚೌಕವನ್ನು ನಾನೇ ಅಳೆದು ಕತ್ತರಿಸುವುದರಿಂದ ಅಳತೆಯ ಹೊಣೆ ನನ್ನ ಕೈಯಲ್ಲೇ ಇರುತ್ತದೆ. ದೊಡ್ಡಮ್ಮನಿಗೆ ಮೊಗೆಬೀಜಕ್ಕೆ ದೊಡ್ಡ ಪೊಟ್ಟಣ ಬೇಕೆಂದಾಗ 24 ಸೆಂ.ಮೀ. ಚೌಕ ತೆಗೆದೆ, ಪ್ಯಾಕೆಟ್ಟಿನ ಹಾಳೆಯಲ್ಲಿ ಅದು ಸಾಧ್ಯವೇ ಇರಲಿಲ್ಲ.

ತಂಗಿ ತಂದಿದ್ದ ಕೈಕಾಗದದಲ್ಲಿಯೂ ಎರಡು ಮಡಚಿ ನೋಡಿದೆ. ಹತ್ತಿಬಟ್ಟೆಯ ಚೂರುಗಳಿಂದ ಮಾಡಿದ ಕಾಗದವದು, ಮುಟ್ಟಲು ಹಿತ. ಆದರೆ ಮೂಲೆಯಲ್ಲಿ ನಾಲ್ಕು ಪದರ ಸೇರುವ ನನ್ನ ವಿನ್ಯಾಸಕ್ಕೆ ಅದು ತೀರ ದಪ್ಪ. ಪದರ ಕಡಿಮೆಯಿರುವ ಅವಳ ಉದ್ದನೆಯ ಪೊಟ್ಟಣಕ್ಕೆ ಅದು ಚೆನ್ನಾಗಿ ಒಗ್ಗಿತು. ಜೆರಾಕ್ಸ್ ಹಾಳೆ ಅಭ್ಯಾಸಕ್ಕೆ ಸಾಕು. ವೃತ್ತಪತ್ರಿಕೆಯ ಕಾಗದ ಈ ಹವೆಯಲ್ಲಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ.

ಬ್ರೌನ್ ಪೇಪರನ್ನೂ ಥಂಡಿ ಬಿಡುವುದಿಲ್ಲ ಎಂಬುದನ್ನು ಮುಚ್ಚಿಡಲಾರೆ. ಜಗಲಿಯಲ್ಲಿ ರಾತ್ರಿಯಿಡೀ ಬಿಟ್ಟ ಪೊಟ್ಟಣದ ರೆಕ್ಕೆಗಳು ಬೆಳಿಗ್ಗೆ ಸಡಿಲಾಗಿದ್ದವು. ಈಗ ಅಡುಗೆಮನೆಯಲ್ಲಿ ಒಲೆ ಉರಿಯುವ ಹೊತ್ತಿನಲ್ಲಿ ಮಡಚುತ್ತೇನೆ, ಬೀಜ ತುಂಬಿದ ಮೇಲೆ ಡಬ್ಬಿಯೊಳಗೆ ಇಡುತ್ತೇನೆ. ಸಂಜೆ ಒಂದು ಗಂಟೆ ಬಿಡುವಿರುವ, ಹಾಳೆ ಕತ್ತರಿಸುವ ಕೆಲಸವನ್ನೂ ಇಷ್ಟಪಡುವ ನನ್ನಂಥವರಿಗೆ ಇದು ಹೊಂದುತ್ತದೆ. ತೆರೆದ ಕೂಡಲೇ ಮಡಚಲು ಕೂರುವವರು ಪ್ಯಾಕೆಟ್ಟನ್ನೇ ಕೊಳ್ಳಲಿ, ಆದರೆ ಮೊದಲ ಹಾಳೆಯ ಕರ್ಣ ಎರಡೂ ಮೂಲೆಗಳನ್ನು ಮುಟ್ಟುತ್ತದೆಯೇ ಎಂದು ನೋಡಿಕೊಂಡೇ ಮುಂದುವರಿಯಲಿ. ಪಂದ್ಯದ ದಿನ ಚೆಲುವಿಗೆ ತಂಗಿಯ ಪೊಟ್ಟಣವನ್ನೂ, ಬೀಜ ಉದುರದಿದ್ದಕ್ಕೆ ನನ್ನದನ್ನೂ ದೊಡ್ಡಮ್ಮ ಆರಿಸಿದರು. ಬಿತ್ತಿ ಉಳಿದ ಹರಿವೆ ಬೀಜ ಈಗಲೂ ಅವರ ಡಬ್ಬಿಯಲ್ಲಿ ನನ್ನ ಪೊಟ್ಟಣದಲ್ಲೇ ಇದೆ.