ಹಳೇ ಸ್ಯಾಂಟ್ರೋಗೆ ಡಾಟ್ 4 ಬ್ರೇಕ್ ಆಯಿಲ್: ಆರು ವರ್ಷ ಬಳಸಿದ ಮೇಲೆ

ನಮ್ಮದು 2007ರ ಸ್ಯಾಂಟ್ರೋ. 2022ರಲ್ಲಿ ಆರ್‌ಸಿ ರಿನ್ಯೂ ಮಾಡಿಸಿದ್ದೇವೆ, ಮಾರುವ ಯೋಚನೆ ಸದ್ಯಕ್ಕಿಲ್ಲ. 2019ರಿಂದ ಇದಕ್ಕೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕುತ್ತಿದ್ದೇನೆ. ಇದುವರೆಗೆ ನಾಲ್ಕು ಸಲ ಪೂರ್ತಿ ಬದಲಾಯಿಸಿದ್ದಾಯಿತು. ಎರಡು ಕಂಪನಿಯದ್ದು ಬಳಸಿದ್ದೇನೆ. ಕಾಲಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಅದಕ್ಕೇ ಹೆಸರು ಬರೆಯುತ್ತಿಲ್ಲ.

ಇದೆಲ್ಲ ಶುರುವಾದದ್ದು ಚಾಮುಂಡಿ ಬೆಟ್ಟದಲ್ಲಿ. ಅಪ್ಪ ಅಮ್ಮನನ್ನು ಕರೆದುಕೊಂಡು ದರ್ಶನ ಮುಗಿಸಿ ಇಳಿಯುತ್ತಿದ್ದೆ. ಮುಂದೆ ಒಂದು ಬಸ್ಸು ನಿಧಾನಕ್ಕೆ ಹೋಗುತ್ತಿತ್ತು. ನಾನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ. ಒಂದು ತಿರುವಿನಲ್ಲಿ ಪೆಡಲ್ ಒದ್ದೆ ಹತ್ತಿ ಅದುಮಿದ ಹಾಗೆ ಒಳಗೆ ಹೋಯಿತು, ಕಾರು ನಿಲ್ಲಲಿಲ್ಲ. ನಾಲ್ಕೈದು ಸಲ ಪಂಪ್ ಮಾಡಿ, ಎರಡನೇ ಗೇರ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ರಸ್ತೆ ಪಕ್ಕ ನಿಲ್ಲಿಸಿದೆ. ಹಿಂದೆ ಕೂತಿದ್ದ ಅಮ್ಮ "ಏನಾಯ್ತಪ್ಪಾ?" ಅಂದರು. ಬಾಯಿಗೆ ಮಾತು ಬರಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ. ನನಗೆ ಜಾಸ್ತಿ ಹೆದರಿಕೆ ಆದದ್ದು ಆಗಲೇ.

ಅದಕ್ಕೆ ಒಂದು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ. ಬ್ರೇಕ್ ಆಯಿಲ್ ಬದಲಾಯಿಸಿ ಅಂದಾಗ "ಸಾರ್, ಸ್ವಲ್ಪ ಕಮ್ಮಿ ಇದೆ ಅಷ್ಟೆ, ಟಾಪಪ್ ಸಾಕು" ಅಂತ ಶೆಲ್ಫ್ ಮೇಲೆ ತೆರೆದಿಟ್ಟಿದ್ದ ಡಬ್ಬಿಯಿಂದ ಸುರಿದಿದ್ದರು.

ನಾವು ಆಯಿಲ್ ಅಂತ ಕರೆದರೂ ಇದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಉಪ್ಪು ಎಳೆದುಕೊಂಡ ಹಾಗೆ ಎಳೆದುಕೊಳ್ಳುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದಕ್ಕೆ 230, ನೀರು ಸೇರಿದ ಮೇಲೆ 155. ಬೆಟ್ಟ ಇಳಿಯುವಾಗ ಡಿಸ್ಕಿನ ಬಿಸಿ ಒಳಗಿನ ದ್ರವಕ್ಕೆ ತಲುಪಿ ಅದು ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಗುಳ್ಳೆಯನ್ನು ಅದುಮಬಹುದು. ಕಾಲಿನ ಒತ್ತಡವೆಲ್ಲ ಗುಳ್ಳೆಗೇ ಹೋಗುತ್ತದೆ. ಆರಿದ ಮೇಲೆ ಗುಳ್ಳೆ ಮಾಯ, ಪೆಡಲ್ ಗಟ್ಟಿ.

ನನ್ನ ಕಾರಿನ ಬ್ರೇಕ್ ಆಯಿಲ್ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇದೆ, ಹಾಗಾಗಿ ಡಾಟ್ 4 ಆರಿಸಿಕೊಂಡೆ. 5.1 ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ, ಆದರೆ ವರ್ಷಕ್ಕೆ ನಾಲ್ಕು ಸಲ ಬೆಟ್ಟ, ಒಮ್ಮೆ ಮೇಲುಕೋಟೆ ಅನ್ನುವ ನಮಗೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಡಾಟ್ 5 ಮಾತ್ರ ತರಲೇಬೇಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಸುವ ಹಾಗಿಲ್ಲ.

ಈಗ ನನ್ನ ದೂರು. ಅರ್ಧ ಲೀಟರ್ ಬಾಟಲಿ 300 ರೂಪಾಯಿ ಒಳಗೇ ಸಿಗುತ್ತದೆ, ಬೆಲೆ ಬಗ್ಗೆ ಮಾತಿಲ್ಲ. ಆದರೆ ಸೀಲ್ ಒಡೆದ ಮೇಲೆ ಉಳಿದದ್ದನ್ನು ಇಡುವ ಹಾಗಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಯಾಕೆ ಬರೆಯುವುದಿಲ್ಲ? ಮೊದಲ ಸಲ ಒಂದು ಲೋಟದಷ್ಟು ಉಳಿಯಿತು. ಮುಚ್ಚಳ ಬಿಗಿ ಮಾಡಿ ಅಟ್ಟದ ಮೇಲಿಟ್ಟೆ. ಮುಂದಿನ ಮಳೆಗಾಲದಲ್ಲಿ ಮಟ್ಟ ಇಳಿದಿದೆ ಅಂತ ಅದನ್ನೇ ಸುರಿದೆ. ಗ್ಯಾರೇಜಿನವರ ಮೇಲೆ ಸಿಟ್ಟಾಗಿದ್ದ ಕೆಲಸವನ್ನೇ ನಾನೂ ಮಾಡಿದ್ದೆ. ಮಟ್ಟ ಇಳಿದದ್ದಾದರೂ ಪ್ಯಾಡ್ ಸವೆದಿದ್ದರಿಂದ, ಟಾಪಪ್ ಬೇಕೇ ಇರಲಿಲ್ಲ. ಹೊಸ ಪ್ಯಾಡ್ ಹಾಕಿದಾಗ ಪಿಸ್ಟನ್ ಹಿಂದೆ ಸರಿದು ಆಯಿಲ್ ಉಕ್ಕಿ ಫೆಂಡರ್ ಮೇಲೆ ಬಿತ್ತು. ತಕ್ಷಣ ನೀರು ಹಾಕಲಿಲ್ಲ. ಮರುದಿನ ನೋಡಿದರೆ ಎಂಟಾಣೆ ಅಗಲದಷ್ಟು ಪೇಂಟ್ ಸುಕ್ಕುಗಟ್ಟಿ ಎದ್ದಿತ್ತು. ಆ ಕಲೆ ಈಗಲೂ ಇದೆ.

ಈಗ ಎರಡು ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಆಯಿಲ್ ಬದಲಾಯಿಸುವ ಕೆಲಸ. ಅದಕ್ಕೆ ಎರಡು ಸೀಲ್ಡ್ ಬಾಟಲಿ ತರುತ್ತೇನೆ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಸಿರಿಂಜಿನಲ್ಲಿ ಹಳೇದನ್ನು ಎಳೆದು ಹೊಸದು ತುಂಬುತ್ತೇನೆ. ಜ್ಯಾಕನ್ನು ನಂಬದೆ ಸ್ಟ್ಯಾಂಡ್ ಕೊಟ್ಟು, ದೂರದ ಹಿಂದಿನ ಎಡ ಚಕ್ರದಿಂದ ಶುರು. ಚಕ್ರದ ಬ್ರೇಕಿನಿಂದ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪು, ಅದರ ತುದಿ ಹಳೇ ನೀರಿನ ಬಾಟಲಿಯಲ್ಲಿ. ಮಗಳು ಒಳಗೆ ಪೆಡಲ್ ಮೇಲೆ.

"ಒತ್ತು. ಹಿಡ್ಕೊ."

"ಅಪ್ಪ, ಬಿಡ್ಲಾ?"

"ಬಿಡ್ಬೇಡ ಪುಟ್ಟಿ, ತಡಿ... ಹ್ಞಾಂ, ಈಗ ಬಿಡು."

ಅವಳು ಒತ್ತಿ ಹಿಡಿದಾಗ ನಾನು ಸಡಿಲಿಸಿದ ನಿಪ್ಪಲನ್ನು ಮತ್ತೆ ಬಿಗಿ ಮಾಡಿದ ಮೇಲೆಯೇ ಅವಳು ಕಾಲು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಡಿಕಾಕ್ಷನ್ ಬಣ್ಣದ್ದು ಬರುತ್ತದೆ. ಆಮೇಲೆ ತೆಳು ಚಹಾ. ಆಮೇಲೆ ಪೈಪಿನಲ್ಲಿ ತಿಳಿ ಜೇನಿನ ಬಣ್ಣ, ಒಂದೂ ಗುಳ್ಳೆ ಇಲ್ಲದೆ. ನಾಲ್ಕೂ ಚಕ್ರದಲ್ಲಿ ಆ ಬಣ್ಣ ಕಾಣುವಷ್ಟರಲ್ಲಿ ಹತ್ತೂವರೆ ಆಗಿರುತ್ತದೆ, ಒಳಗಿಂದ ಉಪ್ಪಿಟ್ಟಿಗೆ ಕರೆ ಬಂದಿರುತ್ತದೆ. ಇಷ್ಟು ಹಿತವಾದ ಕೆಲಸ ಇದಾಗುತ್ತದೆ ಅಂತ ನಾನು ಎಣಿಸಿರಲಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನೂ ಕೊನೆಯ ಚಕ್ರದಲ್ಲೇ ಹರಿಸಿಬಿಡುತ್ತೇವೆ. ಈಗ ಆ ಅರ್ಧ ಲೀಟರ್ ಬಗ್ಗೆ ಮೊದಲಿನ ಸಿಟ್ಟಿಲ್ಲ.

ಎಬಿಎಸ್ ಇರುವ ಕಾರಿನವರು ಮೊದಲು ಮೆಕ್ಯಾನಿಕ್ ಹತ್ತಿರ ಕೇಳಿ, ಕೆಲವಕ್ಕೆ ಸ್ಕ್ಯಾನರ್ ಬೇಕಾಗುತ್ತದೆ. ಹಳೇ ಆಯಿಲನ್ನು ಮೋರಿಗೆ ಸುರಿಯಬೇಡಿ. ನಾನು ಅದನ್ನು ಬಾಟಲಿಯಲ್ಲೇ ಗ್ಯಾರೇಜಿನವರಿಗೆ ಕೊಟ್ಟು ಬರುತ್ತೇನೆ, ಎಂಜಿನ್ ಆಯಿಲ್ ಜೊತೆ ಸೇರಿಸಬೇಡಿ ಅಂತ ಹೇಳಿ. ಮೊನ್ನೆ ಬೆಟ್ಟಕ್ಕೆ ಹೋದಾಗ ಅಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದರು. ಎರಡನೇ ಗೇರಿನಲ್ಲೇ ಇಳಿಸಿದೆ. ಕೆಳಗೆ ಬರುವವರೆಗೂ ಪೆಡಲ್ ಹತ್ತುವಾಗ ಇದ್ದಷ್ಟೇ ಮೇಲಿತ್ತು.